ಜೋಡಿಯ ಮೂರನೆಯ ಖಾನೆ

ನಾನು ಪ್ಯಾರಿಸ್ಸಿನಲ್ಲಿ ಹುಟ್ಟಿದ, ಬಟ್ಟೆಬರೆ ಇಡುವ ಮೂರು ಖಾನೆಯ ಪೆಟ್ಟಿಗೆ. ಒಂಟಿಯಾಗಿ ಹುಟ್ಟಿದ್ದರೆ ಸುಖವಾಗಿರುತ್ತಿದ್ದೆ, ಹುಟ್ಟಿದ್ದು ಅವಳಿಯಾಗಿ. ನನ್ನ ವಯಸ್ಸೂ ನನ್ನ ಹೊಟ್ಟೆಕಿಚ್ಚಿನ ವಯಸ್ಸೂ ಒಂದೇ, ಇನ್ನೂರ ನಲವತ್ತು ವರ್ಷ.

ಬಡಗಿ ಎತಿಯೆನ್ ಒಂದೇ ದಿಮ್ಮಿಯನ್ನು ತೆಳು ಹಾಳೆಗಳಾಗಿ ಸೀಳಿ, ಒಂದು ಹಾಳೆ ನನಗೆ, ಅದರ ಪಕ್ಕದ್ದು ನನ್ನ ಜೋಡಿಗೆ ಅಂಟಿಸಿದ. ಡೊಂಕು ಕಾಲಿನ ಸಾಮಾನಿನ ಕಾಲ ಮುಗಿದು, ಹಳೆಯ ರೋಮಿನ ಕಂಬಗಳ ಹಾಗೆ ನೆಟ್ಟಗಿರುವುದೇ ಚೆಂದ ಎನ್ನುವ ಕಾಲ ಬಂದಿತ್ತು. ಹಾಗಾಗಿ ನಮಗೆ ನೇರ ಮೈ, ಗೀರು ಕೊರೆದ ಕಾಲು, ತಲೆಯ ಮೇಲೆ ಬಿಳಿ ಅಮೃತಶಿಲೆ. ಮರದ ಕೆಲಸದವನು ಕಂಚು ಮುಟ್ಟಬಾರದೆಂಬುದು ಅಲ್ಲಿಯ ಕಸುಬಿನ ಕಟ್ಟಳೆ. ಚಿನ್ನದ ನೀರು ಕುಡಿಸಿದ ಕಂಚಿನ ಹಿಡಿಗಳನ್ನು ಬೇರೆಯವನು ಮಾಡಿಕೊಟ್ಟ. ನನ್ನ ಜೋಡಿಯ ಹಿಡಿಗಳು ನನ್ನವಕ್ಕಿಂತ ಹೆಚ್ಚು ಹೊಳೆಯುತ್ತಿದ್ದವು. ಹೊಳೆಯುತ್ತಿದ್ದವು ಎಂದರೆ ಹೊಳೆಯುತ್ತಿದ್ದವು, ನನ್ನೊಂದಿಗೆ ವಾದ ಬೇಡ.

ನಮ್ಮನ್ನು ಕೊಂಡವರು ಅಣ್ಣತಮ್ಮಂದಿರು. ಅಣ್ಣ ನನ್ನ ಜೋಡಿಯವನನ್ನು ಪ್ಯಾರಿಸ್ಸಿನ ಮನೆಯಲ್ಲೇ ಇಟ್ಟುಕೊಂಡ. ತಮ್ಮನಿಗೆ ಪುದುಚೇರಿಯಲ್ಲಿ ನೌಕರಿಯಾಗಿ, ನಾನು ಅವನ ಜೊತೆ ಹೊರಟೆ. ಹೊರಡುವ ಬೆಳಿಗ್ಗೆ ಎತಿಯೆನ್ ನಮ್ಮಿಬ್ಬರ ಖಾನೆಗಳನ್ನೂ ಹೊರಗೆಳೆದು, ಮೇಣ ತಿಕ್ಕಿ, ಗಡಿಬಿಡಿಯಲ್ಲಿ ಮತ್ತೆ ತುರುಕಿದ. ಪುದುಚೇರಿ ಮುಟ್ಟಿದಾಗ ನನ್ನ ಮೂರನೆಯ ಖಾನೆ ಎಳೆದರೆ ಬಾರದಂತೆ ಹಿಡಿದುಕೊಂಡಿತ್ತು. ಆಮೇಲೆ ಯಾರ ಕೈಗೆ ಹೋದರೂ ಅದನ್ನು ಗುದ್ದಿ ಶಾಪ ಹಾಕಿದವರೇ. ಅತ್ತ ಪ್ಯಾರಿಸ್ಸಿನಲ್ಲಿ ನನ್ನ ಜೋಡಿಯ ಖಾನೆಗಳು ಬೆಣ್ಣೆ ಸವರಿದಂತೆ ಜಾರುತ್ತಿರಬೇಕೆಂದು ನಾನು ಉರಿಯುತ್ತಿದ್ದೆ.

ಕೊನೆಗೆ ಹರಾಜಿನಲ್ಲಿ ನನ್ನನ್ನು ಕೊಂಡವರು ಮೈಸೂರಿನ ವಕೀಲರೊಬ್ಬರು. ಅವರು ತೀರಿಕೊಂಡ ಮೇಲೆ ನಾನು ಹಿರಿಯ ಮಗಳು ಕುಮುದಮ್ಮನವರ ಪಾಲಿಗೆ ಬಂದೆ. ತಾಯಿಯ ವಜ್ರದ ಓಲೆ ಕಿರಿಯವಳು ಅಂಬುಜಳಿಗೆ ಹೋಯಿತು. ಒಡತಿ ನನಗೆ ಹೇಳಿ ಮಾಡಿಸಿದ ಹಾಗಿದ್ದರು. ಖಾನೆ ಹಿಡಿದಾಗಲೆಲ್ಲ, ಅವಳಿಗೆ ವಜ್ರ, ನನಗೆ ಈ ಮೊಂಡು ಮರ ಎಂದು ಗೊಣಗುತ್ತಿದ್ದರು. ತಂಗಿಯ ಮನೆ ನಾಲ್ಕು ಬೀದಿ ಆಚೆ. ಒಂಬತ್ತು ವರ್ಷದಿಂದ ಅದರ ಹೊಸಿಲು ತುಳಿದಿರಲಿಲ್ಲ.

ಹೋದ ಆಷಾಢದ ಥಂಡಿಗೆ ಖಾನೆ ಅಲುಗಾಡದಂತಾಯಿತು. ಬೀಟೆಮರದಲ್ಲಿ ಚಿತ್ರ ಕೂರಿಸುವ ಇಲಿಯಾಜ್ ಸಾಬರನ್ನು ಕರೆಸಿದರು. ಸಾಬರು ಹೇಗೋ ಅದನ್ನು ಹೊರತೆಗೆದು, ಮೂರು ಖಾನೆಗಳ ಹಿಂಬದಿಯನ್ನೂ ಸವರಿ ನೋಡಿದರು. ಎರಡರಲ್ಲಿ ಒಂದೊಂದು ಗೀರು, ಮೂರನೆಯದರಲ್ಲಿ ಎರಡು.

"ಒಂದು ಗೀರು ಈ ಪೆಟ್ಟಿಗೇದು ಅಂತ ಗುರುತು, ಎರಡು ಗೀರಿಂದು ಇದರ ಜೋಡೀದಮ್ಮ. ಮಾಡಿದವನೇ ಅದಲುಬದಲು ತುರುಕಿದಾನೆ. ಅಲ್ಲೂ ಒಂದು ಖಾನೆ ಹಿಂಗೇ ಹಿಡೀತಾ ಇರುತ್ತೆ. ಕೀಸಿಬಿಡ್ಲಾ?"

ಇಷ್ಟು ವರ್ಷ ಯಾರನ್ನು ಕಂಡು ಕರುಬಿದೆನೋ ಅವನದೊಂದು ಭಾಗ ನನ್ನ ಹೊಟ್ಟೆಯಲ್ಲೇ ಇತ್ತು. ಕೀಸಿದರೆ ಹೊಟ್ಟಾಗಿ ನೆಲಕ್ಕೆ ಬೀಳುವುದು ಅವನೇ. ಬೇಡ ಎನ್ನಿ ತಾಯಿ ಎಂದು ಕೂಗಿಕೊಂಡೆ. ಮರದ ಕೂಗು ಯಾರಿಗೆ ಕೇಳುತ್ತದೆ?

ಕುಮುದಮ್ಮ ಆ ಎರಡು ಗೀರುಗಳ ಮೇಲೆ ಬಹಳ ಹೊತ್ತು ಬೆರಳಾಡಿಸಿದರು. "ಅಲ್ಲಿಯವರೂ ತಮಗೇ ಕೆಟ್ಟದ್ದು ಬಂತು ಅಂದ್ಕೊಂಡಿರ್ತಾರೆ, ಅಲ್ವಾ ಸಾಬರೇ?" ಎಂದರು. ಕೀಸುವುದು ಬೇಡ, ಮೇಣ ಹಚ್ಚಿದರೆ ಸಾಕು ಎಂದು ಹೇಳಿ, ಎದ್ದು ಹೋಗಿ ತಂಗಿಗೆ ಫೋನು ಮಾಡಿದರು.

ಸಂಜೆ ಅಂಬುಜ ಬಂದಳು. ಕಿವಿಯಲ್ಲಿ ಓಲೆಯಿರಲಿಲ್ಲ. ಯಾಕೆಂದು ಅಕ್ಕ ಕೇಳಿದರು.

"ಒಂದಿನಾನೂ ಹಾಕ್ಕೊಂಡಿಲ್ಲ ಅಕ್ಕ. ಅಪ್ಪ ದಿನಾ ಮುಟ್ತಿದ್ದ ಪೆಟ್ಟಿಗೆ ನಿನ್ನ ಪಾಲಾಯ್ತಲ್ಲ ಅಂತ ನಂಗೆ ಹೊಟ್ಟೆ ಉರೀತಿತ್ತು."

ಇಬ್ಬರೂ ಸೇರಿ ಖಾನೆ ಎಳೆದರು. ಅದು ಅರ್ಧಕ್ಕೆ ನಿಂತಿತು. ಅಲ್ಲೇ ನೆಲದ ಮೇಲೆ ಕುಳಿತು ನಕ್ಕರು, ಅತ್ತರು.

ಈಗ ನನ್ನ ಅಮೃತಶಿಲೆ ಬಿರುಕು ಬಿಟ್ಟಿದೆ, ಹಿಡಿಗಳು ಕಪ್ಪಾಗಿವೆ. ಊಟದ ಮನೆಯ ಮೂಲೆಯಲ್ಲಿದ್ದೇನೆ. ಖಾನೆ ಹಿಡಿದರೆ ಸಿಟ್ಟು ಬರುವುದಿಲ್ಲ. ಅವನು ಒಳಗಿದ್ದಾನೆ ಎಂದುಕೊಳ್ಳುತ್ತೇನೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಈಗ ಅದು ಪ್ಯಾರಿಸ್ಸಿನಲ್ಲುಳಿದ ನನ್ನದೇ ಖಾನೆಯ ಮೇಲೆ ತಿರುಗಿದೆ. ಆ ಖಾನೆ ಇಷ್ಟು ವರ್ಷವೂ ಅವನ ಜೊತೆಯಲ್ಲೇ ಇದೆಯಲ್ಲ.