ಒಂದೇ ಮುಖದ ಮೇಲೆ ಕಲಿತ ಬೆಳಕು

ಬಾವಿಯಿಂದ ನೀರು ಸೇದುವುದು, ಬಿಳಿಯ ಬಟ್ಟೆಯನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಹಾಸಿ ಆ ನೀರನ್ನು ಸೋಸುವುದು, ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಸೋಸಿದ ನೀರಿನಲ್ಲೇ ಅದನ್ನು ಜಾಲಿಸಿ, ಆ ನೀರನ್ನು ಮರಳಿ ಅದೇ ಬಾವಿಗೆ ಇಳಿಸುವುದು, ಹಂಡೆಯ ಒಲೆಗೆ ಉರಿ ಹಾಕುವುದು, ಹಾಲು ಕರೆಯುವುದು, ಕಾಫಿ ಕೊಯ್ಯಲು ಬರುವ ಹನ್ನೊಂದು ಜನರ ತಿಂಡಿಗೆ ಹಿಟ್ಟು ಹದ ಮಾಡಿಡುವುದು, ಕಣದಲ್ಲಿ ಹರವಿದ ಕಾಳುಮೆಣಸಿನ ಮೇಲಿಂದ, ಇಬ್ಬನಿಯ ಭಾರಕ್ಕೆ ಜೋತ ಟಾರ್ಪಾಲನ್ನು ಹುಷಾರಾಗಿ ಮಡಿಸಿ ತೆಗೆಯುವುದು. ಇಷ್ಟು ಸೂರ್ಯ ಹುಟ್ಟುವ ಮುಂಚೆ. ಇಷ್ಟಾದ ಮೇಲೆ ಸುಪ್ರಿಯಾ ಮುಂಬಾಗಿಲಿಗೆ ಬಂದು, ಬಲಗೈ ಮುಷ್ಟಿ ಬಿಗಿದು, ತೋಳನ್ನು ಮುಂದಕ್ಕೆ ಚಾಚಿ, ಮೂಡುತ್ತಿರುವ ಬೆಳಕಿನಲ್ಲಿ ಆ ಮುಷ್ಟಿಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಿದ್ದಳು.

ಅತ್ತೆ ಪದ್ಮಿನಿಯಮ್ಮ ಅದನ್ನು ವಾಯುವಿನ ತೊಂದರೆ ಎಂದುಕೊಂಡು ಎಣ್ಣೆ ಕಾಯಿಸಿ ಕೊಟ್ಟರು. ಗಂಡ ಶ್ರೇಯಾಂಸ ಯಾವುದೋ ಯೋಗವಿರಬೇಕೆಂದು ಕೇಳದೆ ಬಿಟ್ಟ. ಆ ಮುಷ್ಟಿ ಒಂದು ಮುಖ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಬೆರಳ ಗೆಣ್ಣು ಮೂಗು, ಗೆಣ್ಣುಗಳ ನಡುವಿನ ತಗ್ಗು ಕಣ್ಣಿನ ಗುಳಿ, ಹೆಬ್ಬೆರಳ ಬುಡ ಕೆನ್ನೆ. ನೆರಳು ಎಲ್ಲಿ ಬೀಳುತ್ತದೆ, ಎಲ್ಲಿ ಕರಗುತ್ತದೆ ಎಂದು ನೋಡಿಕೊಂಡು, ಯಾರಾದರೂ ಕಂಡರೋ ಎಂದು ಹಿಂದಕ್ಕೊಮ್ಮೆ ನೋಡಿ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ಏನು ಕೇಳಿದರೂ ಅವಳ ಮೊದಲ ಮಾತು "ಹಾಗೇನಿಲ್ಲ". ಕಾಲು ನೋವಾ ಎಂದರೆ ಹಾಗೇನಿಲ್ಲ, ಊಟ ಆಯಿತಾ ಎಂದರೆ ಹಾಗೇನಿಲ್ಲ. ಆಪಾದನೆ ಬರುವ ಮೊದಲೇ ಅಲ್ಲಗಳೆದು ಅಭ್ಯಾಸವಾದ ಹೆಂಗಸು.

ಬತ್ತೇರಿಯಿಂದ ಮದುವೆಯಾಗಿ, ಮಲಯಾಳ ಸೀಮೆಯ ಬೇಗೂರಿನ ಕಾಡು ಶುರುವಾಗುವುದಕ್ಕೆ ತುಸು ಮುಂಚೆ ಇರುವ ಈ ತೋಟದ ಮನೆಗೆ ಅವಳು ಬಂದು ಇಪ್ಪತ್ತೆರಡು ವರ್ಷ. ಮನೆಯ ಎಲ್ಲ ಸಮಾರಂಭಗಳ ಫೋಟೋ ತೆಗೆದವಳು ಅವಳೇ ಆದ್ದರಿಂದ ಯಾವುದರಲ್ಲೂ ಅವಳಿರಲಿಲ್ಲ. ಕಳೆದ ವರ್ಷ ಜೈನ ಮಹಿಳಾ ಸಮಾಜದ ಪುಸ್ತಿಕೆಗೆಂದು ಯಾರೋ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ತೆಗೆದ ಅವಳ ಚಿತ್ರ ಅಚ್ಚಾಗಿ ಬಂತು. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ, ಮೂಗಿನ ಕೆಳಗೆ ಮೀಸೆಯಂಥ ನೆರಳು. ಆ ಪುಟವನ್ನು ಅವಳು ಅಂಟು ಹಾಕಿ ಪಕ್ಕದ ಪುಟಕ್ಕೆ ಅಂಟಿಸಿಬಿಟ್ಟಳು. ಅದಾದ ವಾರಕ್ಕೆ ಫೋನಿನ ವಿಡಿಯೊವೊಂದರಲ್ಲಿ ಒಬ್ಬ ಮಲಯಾಳಿ ಫೋಟೋಗ್ರಾಫರ್ ಹೇಳುವುದನ್ನು ಕೇಳಿದಳು: ಒಂದು ದೀಪ, ಒಂದು ಬಿಳಿ ಹಾಳೆ, ನಿಮ್ಮ ಸ್ವಂತ ಮುಖ, ಇಷ್ಟಿದ್ದರೆ ಬೆಳಕಿನ ವಿದ್ಯೆ ಮನೆಯಲ್ಲೇ ಕಲಿಯಬಹುದು.

ಮೂರೂ ಇದ್ದವು. ಹೊತ್ತೂ ಇತ್ತು. ಪದ್ಮಿನಿಯಮ್ಮನದು ಕಟ್ಟುನಿಟ್ಟಿನ ನೇಮ. ಸೂರ್ಯ ಮುಳುಗುವುದಕ್ಕೆ ಎರಡು ಗಳಿಗೆ, ಅಂದರೆ ಮುಕ್ಕಾಲು ಗಂಟೆ ಮುಂಚೆ ಮನೆಯವರ ಊಟ ಮುಗಿಯಬೇಕು, ಆಮೇಲೆ ಬೆಳಗಾಗುವ ತನಕ ಯಾರ ಬಾಯಿಗೂ ತುತ್ತಿಲ್ಲ. ಹಾಗಾಗಿ ಬೇರೆ ಮನೆಗಳಲ್ಲಿ ಒಗ್ಗರಣೆ ಶುರುವಾಗುವ ಹೊತ್ತಿಗೆ ಈ ಮನೆಯ ಅಡುಗೆಕೋಣೆ ಮುಚ್ಚಿರುತ್ತಿತ್ತು. ಅತ್ತೆ ದೇವರ ಕೋಣೆಯಲ್ಲಿ ಜಪಕ್ಕೆ ಕೂರುವರು, ಗಂಡ ಟಿವಿಯ ಮುಂದೆ. ಪಾತ್ರೆಗಳು ಹಿತ್ತಿಲ ಕಲ್ಲಿನ ಮೇಲೆ ಕೆಂಪಿಯ ಕೈಯಲ್ಲಿ. ಕಾಡಂಚಿನ ಬುಡಕಟ್ಟಿನವರ ಹಾಡಿಯಿಂದ ಬರುವ ಕೆಂಪಿ ಈ ಮನೆಯ ಕೆಲಸಕ್ಕೆ ಸೇರಿದ್ದು ಸುಪ್ರಿಯಾ ಸೊಸೆಯಾಗಿ ಬರುವುದಕ್ಕೂ ಮುಂಚೆ. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವಳಾದರೂ ಅವಳು ಸುಪ್ರಿಯಾಳನ್ನು ಅಕ್ಕ ಎನ್ನುವಳು. ಸುಪ್ರಿಯಾ ಅವಳನ್ನು ಕೆಂಪಿ ಎನ್ನುವಳು. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಇಬ್ಬರಿಗೂ ತೋಚಿರಲಿಲ್ಲ.

ಆ ಒಂದು ಗಂಟೆಯಲ್ಲಿ ಸುಪ್ರಿಯಾ ಮೂಲೆಕೋಣೆಯ ಕದ ಹಾಕಿಕೊಳ್ಳುವಳು. ಓದುವ ದೀಪಕ್ಕೆ ಹಳೆಯ ಅರವತ್ತು ವ್ಯಾಟಿನ ಬಲ್ಬು, ಎದುರಿಗೆ ಟಿವಿ ಬಂದ ಪೆಟ್ಟಿಗೆಯ ಥರ್ಮಾಕೋಲು, ಸ್ಟೂಲಿನ ಮೇಲೆ ಅಕ್ಕಿಯ ಸೇರಿಗೆ ಒರಗಿಸಿದ ಫೋನು. ಹತ್ತು ಎಣಿಸುವಷ್ಟರಲ್ಲಿ ಓಡಿ ಕುರ್ಚಿಯಲ್ಲಿ ಕೂತು ಉಸಿರು ಹಿಡಿಯಬೇಕು. ದೀಪ ಎತ್ತರವಾದರೆ ಕಣ್ಣಿನ ಗುಳಿ, ತಗ್ಗಾದರೆ ದೆವ್ವದ ಮುಖ. ಪಕ್ಕಕ್ಕೆ ಸರಿಸಿ ತುಸು ಮೇಲಿಟ್ಟರೆ ಮಾತ್ರ ಆಚೆ ಕೆನ್ನೆಯ ಮೇಲೆ ಅಂಗೈಯ ಕಾಲುಭಾಗದಷ್ಟು ಬೆಳಕಿನ ತ್ರಿಕೋನ. ಅದು ಮೊದಲ ಸಲ ಬಂದ ದಿನ ನೆಲದ ಮೇಲೆ ದೀಪಕ್ಕೊಂದು, ಕುರ್ಚಿಗೊಂದು ಸೀಮೆಸುಣ್ಣದ ಗುರುತು ಹಾಕಿದಳು. ಎಂಟು ತಿಂಗಳಲ್ಲಿ ತನ್ನ ಗೋಧಿಬಣ್ಣದ ಮುಖದ ಒಂದೊಂದು ಏರೂ ಇಳಿಜಾರೂ ಅವಳಿಗೆ ಬಾಯಿಪಾಠವಾಯಿತು.

ನಾಚಿಕೆ ಅವಳನ್ನು ಮೊದಲ ದಿನದಿಂದಲೂ ಬಿಟ್ಟಿರಲಿಲ್ಲ. ಫೋನು ಶ್ರೇಯಾಂಸನ ಕೈಗೆ ಸಿಕ್ಕಿದಾಗ ಅವನು ನೆಂಟರ ಎದುರಿಗೇ, "ನಮ್ಮನೆಯವಳದ್ದೇ ಮುನ್ನೂರು ಫೋಟೋ ಇದೆ. ಇನ್ಮೇಲೆ ಹೆಂಡತಿ ಮುಖ ನೋಡೋಕೆ ಟಿಕೆಟ್ ತಗೋಬೇಕೇನೋ" ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಆಮೇಲೆ ಬಚ್ಚಲಿಗೆ ಹೋಗಿ ಮುನ್ನೂರನ್ನೂ ಅಳಿಸಿದಳು. ಇನ್ನೊಂದು ಸಲ ಬೆಳಕನ್ನು ಮೆದುಮಾಡಲು ತೆಳು ಬಿಳಿಯ ಬಟ್ಟೆ ಬೇಕಾಯಿತು, ಮನೆಯ ಮುಂಡುಪಂಚೆಗಳಿಗೆಲ್ಲ ಬಣ್ಣದ ಅಂಚು, ಹಗ್ಗದ ಮೇಲಿದ್ದದ್ದು ನೀರು ಸೋಸುವ ಬಟ್ಟೆ. ಅದನ್ನೇ ದೀಪಕ್ಕೆ ಹೊದಿಸಿದಳು. ಬಲ್ಬಿನ ಬಿಸಿಗೆ ಕಡಲೆಕಾಳಿನಷ್ಟು ತೂತಾಯಿತು. ಗಮನಿಸದೆ ಮರುದಿನ ಅದರಲ್ಲೇ ನೀರು ಸೋಸಿದಳು. ಕಂಡುಹಿಡಿದ ಪದ್ಮಿನಿಯಮ್ಮ ಬಯ್ಯಲಿಲ್ಲ. ಎಷ್ಟು ಜೀವ ನಮ್ಮ ಹೊಟ್ಟೆ ಸೇರಿದವೋ ಎಂದಷ್ಟೇ ಹೇಳಿ, ಸೊಸೆಯ ಪಾಲಿನ ಪ್ರಾಯಶ್ಚಿತ್ತವೆಂದು ತಾವು ಒಂದು ದಿನ ಉಪವಾಸ ಮಾಡಿದರು. ಆ ದಿನ ಉಳಿದವರಿಗೆ ಬಡಿಸುವಾಗ ಸುಪ್ರಿಯಾ ತಲೆ ಎತ್ತಲಿಲ್ಲ.

ಒಬ್ಬಳೇ ಒಬ್ಬಳು ಅವಳ ವಿದ್ಯೆಯನ್ನು ವಿದ್ಯೆಯೆಂದು ಕಂಡಳು. ಕಳೆದ ತಿಂಗಳು ಪಾತ್ರೆ ಬೋರಲು ಹಾಕುತ್ತ ಕೆಂಪಿ ಕೇಳಿದಳು:

"ನನ್ನ ಮೋಳಿಗೆ ಅಮ್ಮನ ಫೋಟೋ ಬೇಕಂತೆ ಅಕ್ಕ, ಹಾಸ್ಟೆಲಿಗೆ ತಕೊಂಡು ಹೋಗೋಕೆ. ರೇಷನ್ ಕಾರ್ಡಿನದು ಕಳ್ಳಿ ಥರ ಅದೆ ಅಂತಾಳೆ. ನೀವು ಒಳಗೆ ಲೈಟ್ ಹಾಕಿ ತೆಗೀತೀರಲ್ಲ, ಹಂಗೊಂದು."

ಮಗಳು ಅಶ್ವತಿ ನರ್ಸಿಂಗ್ ಓದಲು ಕಲ್ಲಿಕೋಟೆಗೆ ಹೊರಟಿದ್ದಳು. ಎಂಟು ತಿಂಗಳು ಕಿಟಕಿಯಾಚೆಯಿಂದ ಕೆಂಪಿ ಎಲ್ಲವನ್ನೂ ನೋಡಿದ್ದಳೆಂದು ಸುಪ್ರಿಯಾಳಿಗೆ ಗೊತ್ತಾದದ್ದು ಆಗಲೇ. ಕೆಂಪಿಯನ್ನು ಅದೇ ಗುರುತಿನ ಕುರ್ಚಿಯಲ್ಲಿ, ಅದೇ ಬಿಳಿ ಸುಣ್ಣದ ಗೋಡೆಯ ಮುಂದೆ, ಅದೇ ಎತ್ತರದ ದೀಪಕ್ಕೆ ಕೂರಿಸಿದಳು. ಗೋಡೆ ಫಳಫಳ ಬಂತು, ಮುಖ ಕಪ್ಪಗೆ ಮುಳುಗಿತು. ಹತ್ತು ಸಲ ತೆಗೆದರೂ ಹಾಗೆಯೇ. ದೀಪವನ್ನಾಗಲಿ ಗೋಡೆಯನ್ನಾಗಲಿ ಅನುಮಾನಿಸುವುದು ಅವಳಿಗೆ ಹೊಳೆಯಲಿಲ್ಲ. ತನಗೆ ಸರಿಹೋದ ಬೆಳಕು ಸರಿಯಾದದ್ದೇ, ಮುಖದಲ್ಲೇ ಏನೋ ಕೊರತೆ ಎಂದುಕೊಂಡಳು. ಫೋನಿನಲ್ಲೇ ಬೆರಳಿನಿಂದ ಜರುಗಿಸಿ ಜರುಗಿಸಿ ಮುಖವನ್ನು ಬೆಳ್ಳಗೆ ಮಾಡಿದಳು, ಕಣ್ಣ ಸುತ್ತಿನ ಗೆರೆ ತೆಗೆದಳು, ಮಾನಂತವಾಡಿಯ ಸ್ಟುಡಿಯೊದಲ್ಲಿ ಗಾಜಿನ ಕಟ್ಟು ಹಾಕಿಸಿದಳು. ಕೊಟ್ಟಾಗ ಕೆಂಪಿ ಗಾಜನ್ನು ಸೆರಗಿನಲ್ಲಿ ಒರೆಸಿ ನೋಡಿ, "ನಿಮ್ಮನೆಯೋರ ಥರ ಕಾಣ್ತೀನಲ್ಲ ಅಕ್ಕ" ಎಂದು ನಕ್ಕಳು. ಸುಪ್ರಿಯಾ ಅದನ್ನು ಹೊಗಳಿಕೆ ಎಂದುಕೊಂಡು ಮೂರು ದಿನ ಹಿಗ್ಗಿದಳು.

ಅಶ್ವತಿ ಹೊರಡುವ ದಿನ ಸಂಜೆ ಐದಕ್ಕೆ, ತಾಯಿಗೆ ಹೇಳಿಹೋಗಲು ಹಿತ್ತಿಲಿಗೆ ಬಂದಳು. ಕೈಯಲ್ಲಿ ಆ ಫೋಟೋದ ಕಟ್ಟು ಇತ್ತು. ಅಡುಗೆಕೋಣೆಯ ಬಾಗಿಲ ಹೊರಗೇ ನಿಂತು ಅದನ್ನು ಒಳಗಿದ್ದ ಸುಪ್ರಿಯಾಳ ಕಡೆಗೆ ಮರ್ಯಾದೆಯಿಂದ ಎರಡೂ ಕೈಯಲ್ಲಿ ಚಾಚಿದಳು.

"ಇದು ನಿಮ್ಮ ಹತ್ರಾನೇ ಇರಲಿ ಚೇಚಿ. ಫೋಟೋ ಚಂದ ಅದೆ. ನನ್ನ ಅಮ್ಮ ಅಲ್ಲ ಇದು."

ಸುಪ್ರಿಯಾ ಸುಳ್ಳು ಹೇಳಿದಳು. ಫೋನಿನ ಕ್ಯಾಮೆರಾವೇ ಹಾಗೆ, ಅದು ತಾನಾಗಿ ಬೆಳ್ಳಗೆ ಮಾಡಿಬಿಡುತ್ತದೆ ಎಂದಳು. ತೊಳೆಯುವ ಕಲ್ಲಿನ ಮೇಲೆ ಕೂತಿದ್ದ ಕೆಂಪಿ ಮುಖವೆತ್ತಿ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು:

"ಪಿನ್ನೆ, ಮತ್ತೆ ನಿಮ್ಮನ್ನ ಯಾಕೆ ಹಂಗೆ ಬೇರೆ ಥರ ಮಾಡಲ್ಲ ಅಕ್ಕ ಅದು?"

ಅಶ್ವತಿಯನ್ನು ಕರೆದೊಯ್ಯುವ ಜೀಪು ಐದೂವರೆಗೆ ಗೇಟಿಗೆ ಬರುವುದಿತ್ತು. ಎರಡು ಗಳಿಗೆಯ ಲೆಕ್ಕದಲ್ಲಿ ಮನೆಯವರು ಉಂಡು ಏಳಬೇಕಾದದ್ದೂ ಐದೂವರೆಯೊಳಗೇ. ಹೆಂಚು ಕಾದಿತ್ತು, ಅಕ್ಕಿರೊಟ್ಟಿಯ ಹಿಟ್ಟು ಅವಳ ಕೈಯಲ್ಲಿತ್ತು, ಒಂದು ರೊಟ್ಟಿಯೂ ಬೆಂದಿರಲಿಲ್ಲ. ಜ್ವರ ಬಂದ ದಿನವೂ ಈ ಹೊತ್ತಿನ ಊಟವನ್ನು ಅವಳು ತಪ್ಪಿಸಿದ್ದಿಲ್ಲ. ಶ್ರೇಯಾಂಸನಿಗೆ ಹಿಟ್ಟಿಗೆ ಎಷ್ಟು ನೀರೆಂದು ಗೊತ್ತಿರಲಿಲ್ಲ, ಗೊತ್ತಿರಬೇಕೆಂದು ಯಾರೂ ಹೇಳಿರಲೂ ಇಲ್ಲ.

ಅವಳು ಕೆಂಪಿಯ ಮುಖ ನೋಡಿದಳು. ಸೂರಿನ ಕೆಳಗಿಂದ ಬಂದ ಪಡುವಣ ಬಿಸಿಲು ಬಲಗೆನ್ನೆಗೆ ತಾಗಿ ಅಲ್ಲಿ ತಾಮ್ರದ ಹೊಳಪು ಮೂಡಿಸಿತ್ತು. ನೆರಳಿದ್ದಲ್ಲಿ ಕಪ್ಪು ಒಂದೇ ಕಪ್ಪಾಗಿರಲಿಲ್ಲ, ಹಣೆಯ ಬದಿಯಲ್ಲಿ ಕಂದು, ದವಡೆಯ ಕೆಳಗೆ ನೀಲಿ. ಹಿಂದೆ ಸೌದೆಕೊಟ್ಟಿಗೆಯ ಮಸಿಹಿಡಿದ ಕತ್ತಲೆ. ಬೆಳಕು ಹೆಚ್ಚಿಸಬೇಕಾಗಿರಲಿಲ್ಲ, ಬಿಳಿಗೋಡೆ ತಪ್ಪಿಸಬೇಕಾಗಿತ್ತು. ಹುಬ್ಬಿನ ಕೊನೆಯಲ್ಲೊಂದು ಹಳೆಯ ಗಾಯದ ಗುರುತಿತ್ತು. ಅದು ಯಾವಾಗ ಆದದ್ದೋ, ಈ ಮನೆಯ ಕೆಲಸದಲ್ಲೇ ಆದದ್ದೋ, ಅವಳಿಗೆ ತಿಳಿದಿರಲಿಲ್ಲ. ತನ್ನ ಮುಖವನ್ನು ಎಂಟು ತಿಂಗಳು ಅಳೆದವಳು ಈ ಮುಖವನ್ನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಇಂಥ ಹೆಂಗಸರು ನಮ್ಮ ಮನೆಗಳಲ್ಲಿ ಅನೇಕರಿದ್ದಾರೆ. ಮಿಕ್ಕ ಹೊತ್ತಿನಲ್ಲಿ, ಮಿಕ್ಕ ಸಾಮಾನಿನಲ್ಲಿ, ಎದುರು ಕೂರಲು ಯಾರೂ ಸಿಗದೆ ತಮ್ಮ ಮೇಲೇ ವಿದ್ಯೆ ಕಲಿಯುತ್ತಾರೆ. ಆ ಕಲಿಕೆಯ ಮರ್ಯಾದೆ ದೊಡ್ಡದು. ಆದರೆ ಆ ಹೊತ್ತು ತಮಗೆ ಮಿಗುವಂತೆ ಮಾಡಿದ ಕೈ ಯಾರದೆಂದು ಅವರು ಕೇಳಿರುವುದಿಲ್ಲ, ಕೇಳದೆ ಉಳಿದದ್ದಕ್ಕೆ ಒಂದು ದಿನ ನಾಚಿಕೆಯಾಗಿಯೇ ಆಗುತ್ತದೆ. ನಾಚಿದವರಲ್ಲಿ ಹೆಚ್ಚಿನವರು ಏನೋ ಎರಡು ಮಾತಾಡಿ ಮತ್ತೆ ಒಲೆಯ ಕಡೆ ತಿರುಗುತ್ತಾರೆ. ಅಡಗಿಕೊಳ್ಳಲು ಒಲೆ ಬಹಳ ಒಳ್ಳೆಯ ಜಾಗ.

ತಟ್ಟೆ ಹಾಕಲೇ ಎಂದು ಒಳಗಿನಿಂದ ಪದ್ಮಿನಿಯಮ್ಮ ಕೇಳಿದರು. ಸುಪ್ರಿಯಾ ಹೆಂಚಿನ ಕೆಳಗಿನ ಉರಿ ಆರಿಸಿದಳು. ಕೈಗಂಟಿದ ಹಿಟ್ಟು ತೊಳೆದು, ಫೋನು ತೆಗೆದುಕೊಂಡು ಹೊರಗೆ ಬಂದು, ತೊಳೆಯುವ ಕಲ್ಲಿನ ಎದುರು ಒದ್ದೆ ನೆಲದ ಮೇಲೆ ಕೂತಳು.