ಗಡಗಡ ಅನ್ನುವ ಕಾರ್ಡು

ನನ್ನ ಗಂಡ ಲಕ್ಷ್ಮೀಕಾಂತ್ ನನ್ನನ್ನು ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಬರೀ ಅರ್ಧ ಗಂಟೆ. ಅದರಲ್ಲೂ ಹತ್ತು ನಿಮಿಷ ಕೇಸರಿಬಾತಿಗೆ ಹೋಗಿತ್ತು. ಅದೇ ಮನುಷ್ಯ ಒಂದು ಗ್ರಾಫಿಕ್ಸ್ ಕಾರ್ಡ್ ಒಪ್ಪಿಕೊಳ್ಳಲು ಎಂಟು ತಿಂಗಳು ಮೀನಮೇಷ ಎಣಿಸಿದರು.

ಕಂಪ್ಯೂಟರ್ ಬೇಕಾಗಿದ್ದುದು ನನಗೆ. ಸಿವಿಲ್ ಡಿಪ್ಲೊಮಾ ಮಾಡಿ, ತುಮಕೂರಿನ ಒಬ್ಬ ಇಂಜಿನಿಯರ್ ಕಚೇರಿಯಲ್ಲಿ ಒಂಬತ್ತು ವರ್ಷ ದುಡಿದವಳು ನಾನು. ಮನೆ ಕಟ್ಟಿಸುವವರಿಗೆ, ಗೋಡೆ ಏಳುವ ಮೊದಲೇ, ಮುಗಿದ ಮನೆ ಹೇಗೆ ಕಾಣುತ್ತದೆ ಎಂದು ತೆರೆಯ ಮೇಲೆ ಮಾಡಿ ತೋರಿಸುವುದು ನನ್ನ ಕೆಲಸ. ಚಿತ್ರ ನನ್ನದು, ಕೆಳಗಿನ ಹೆಸರು ಅವರದು. ಸಾಕಾಗಿ ಬಿಟ್ಟು ಬಂದೆ. ಇನ್ನು ಮೇಲೆ ನನ್ನ ಹೆಸರಿನಲ್ಲೇ ಮಾಡುತ್ತೇನೆ ಎಂದುಕೊಂಡೆ. ಆದರೆ ಹಳೆಯ ಲ್ಯಾಪ್‌ಟಾಪಿಗೆ ಒಂದು ಚಿತ್ರ ಒಪ್ಪಿಸಿ, ಸಾರು ಮಾಡಿ, ಮುದ್ದೆ ತೊಳಸಿ, ಪಾತ್ರೆ ತೊಳೆದು ಬಂದರೂ ಅರ್ಧ ಮನೆ ಮಾತ್ರ ಎದ್ದಿರುತ್ತಿತ್ತು.

ಬಿಡಿಭಾಗಗಳನ್ನು ತಂದು ನಾವೇ ಜೋಡಿಸೋಣ ಎಂದು ಲಕ್ಷ್ಮೀಕಾಂತ್ ಹೇಳಿದಾಗ ಖುಷಿಯಿಂದಲೇ ಒಪ್ಪಿದೆ. ಒಂದೊಂದೇ ಭಾಗ ಬಂತು. ಕಂಪ್ಯೂಟರಿನ ಗಾಜಿನ ಪಕ್ಕೆಯ ಡಬ್ಬ ಹಾಲ್‌ನಲ್ಲಿ ಕೂತಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವ ಹಾಗೆ ಅದಕ್ಕೊಂದು ಹೂವಿನ ಬಟ್ಟೆಯ ಮುಸುಕನ್ನೂ ಹೊಲಿದೆ. ಕಾರ್ಡು ಮಾತ್ರ ಬರಲಿಲ್ಲ. ಇವರಿಗೆ ಕೆಲಸ ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ. ಬಸ್ಸಿನಲ್ಲಿ ಹೋಗುವಾಗ ಒಂದು ವಿಡಿಯೋ ನೋಡಿ ಒಂದು ಕಾರ್ಡನ್ನು ಮೆಚ್ಚುವರು. ಬರುವಾಗ ಇನ್ನೊಂದು ವಿಡಿಯೋ ನೋಡಿ ಅದನ್ನೇ ಬೈಯುವರು.

"ನನಗೆ ಹನ್ನೆರಡು ಜಿಬಿ ಮೆಮೊರಿ ಇದ್ರೆ ಸಾಕು ಕಣ್ರೀ. ಲೈಟು, ಗೀಟು ಏನೂ ಬೇಡ," ಎಂದು ನಾನು ಹೇಳಿದ್ದು ಎಷ್ಟು ಸಲವೋ.

"ನೀನು ಸುಮ್ನಿರು ತೇಜು. ನಾನು ನೋಡ್ತಾ ಇದೀನಲ್ಲ," ಎನ್ನುತ್ತಿದ್ದರು. ನೋಡುತ್ತಿದ್ದದ್ದಂತೂ ನಿಜ.

ಅಷ್ಟರಲ್ಲಿ ನನ್ನ ಹೆಸರಿಗೇ ಬಂದ ಮೊದಲ ಕೆಲಸ ಸಿಕ್ಕಿತು. ಕುಣಿಗಲ್ಲಿನ ಅನಂತರಾಜು ಎಂಬುವವರು ಆರು ತೆಂಗಿನ ಮರಗಳನ್ನು ಕಡಿಯದೆ, ಅವುಗಳ ನಡುವೆ ಮನೆ ಕಟ್ಟಿಸುತ್ತಿದ್ದರು. ಹತ್ತು ದಿನ ಬಿಟ್ಟು ಸೋಮವಾರ ಮಹಡಿಗೆ ಕಾಂಕ್ರೀಟ್ ಮೋಲ್ಡ್ ಹಾಕಬೇಕು. ಅದಕ್ಕೆ ಮೊದಲು, ಮರಗಳ ಮಧ್ಯೆ ಬಾಲ್ಕನಿ ಹೇಗೆ ಕಾಣುತ್ತದೆಂದು ನೋಡಬೇಕು. ಅದರ ಹಿಂದಿನ ಶನಿವಾರದೊಳಗೆ ಆಗದಿದ್ದರೆ ಬೇರೆಯವರಿಂದ ಮಾಡಿಸುತ್ತಾರೆ. ಇದನ್ನೆಲ್ಲ ಅವರು ನನಗೆ ಹೇಳಿದ್ದಲ್ಲ. ತಾಲ್ಲೂಕು ಕಚೇರಿಗೆ ಹೋಗಿ ನನ್ನ ಗಂಡನಿಗೆ ಹೇಳಿದ್ದು. ಕೆಲಸ ನನ್ನದು, ಮಾತು ಗಂಡನ ಜೊತೆ. ನನಗೆ ಮೈಯೆಲ್ಲ ಉರಿಯಿತು. ಆದರೂ ಈ ಕೆಲಸ ಕೈತಪ್ಪಿದರೆ ಮತ್ತೆ ಆ ಹಳೇ ಕಚೇರಿಯ ಮೂಲೆಯ ಕುರ್ಚಿಯೇ ಗತಿ ಎಂಬ ಹೆದರಿಕೆ ಉರಿಗಿಂತ ದೊಡ್ಡದಿತ್ತು.

"ಈ ವಾರ ಕಾರ್ಡು ಬರ್ಲಿಲ್ಲ ಅಂದ್ರೆ ನಾನೇ ಹೋಗಿ ಯಾವ್ದಾದ್ರೂ ತಂದ್ಬಿಡ್ತೀನಿ," ಎಂದೆ. ಆಗ ಯಜಮಾನರು ಅಲುಗಾಡಿದರು. ಗುಬ್ಬಿಯಲ್ಲಿ ಗಂಗಾಧರ್ ಎಂಬ ಯುವಕ ತನ್ನ ಗೇಮಿಂಗ್ ಅಂಗಡಿ ಮುಚ್ಚಿ ಎರಡು ಕಾರ್ಡುಗಳನ್ನು ಮಾರುತ್ತಿದ್ದ. ಭಾನುವಾರ ಹೊರಟೆವು. ವಿಷಯ ತಿಳಿದ ನಮ್ಮ ಮಾವ ಚಿಕ್ಕಬೋರಯ್ಯನವರು ತಮ್ಮ ಊರಾದ ಹಾಗಲವಾಡಿಯಿಂದ ನೇರವಾಗಿ ಗುಬ್ಬಿಗೆ ಬಂದು ನಮಗಿಂತ ಮೊದಲೇ ಗಂಗಾಧರ್ ಮನೆಯ ಜಗಲಿಯಲ್ಲಿ ಕೂತಿದ್ದರು. ಹಳೇ ಸಾಮಾನು ಕೊಳ್ಳುವಾಗ ದೊಡ್ಡವರು ಇರಬೇಕು ಎನ್ನುವುದು ಅವರ ಅಭಿಪ್ರಾಯ.

ಗಂಗಾಧರ್ ಎರಡೂ ಕಾರ್ಡುಗಳನ್ನು ತನ್ನ ಕಂಪ್ಯೂಟರಿಗೆ ಹಾಕಿ ತೋರಿಸಿದ. ಎರಡೂ ಓಡುತ್ತಿದ್ದವು. ಒಂದು ಚಿಕ್ಕದು, ಮಂಕಾಗಿತ್ತು, ಹನ್ನೆರಡು ಜಿಬಿ. ಇನ್ನೊಂದು ಎಂಟೇ ಜಿಬಿ. ಆದರೆ ಮೂರು ಫ್ಯಾನು, ಬಣ್ಣಬಣ್ಣದ ದೀಪ, ಮೊಳದುದ್ದ. ಗೇಮಿನಲ್ಲಿ ಇದರ ವೇಗ ಹೆಚ್ಚು. ನಮ್ಮವರ ಕಣ್ಣು ದೊಡ್ಡದರ ಮೇಲೆ ಬಿದ್ದದ್ದು ಏಳಲಿಲ್ಲ.

"ಚಿಕ್ಕದೇ ಇರ್ಲಿ," ಎಂದೆ.

"ಕೊಡಿಲ್ಲಿ, ನಾ ನೋಡ್ತೀನಿ," ಎಂದರು ಮಾವ.

ನಮ್ಮ ಕಡೆ ತೆಂಗಿನಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಹಾಕಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗಡಗಡ ಅಂದರೆ ಕೊಬ್ಬರಿ ಆಯಿತೆಂದು ಅರ್ಥ. ಅದನ್ನೇ ಗಿಟುಕು ಎನ್ನುವುದು. ಮಾವ ಐವತ್ತು ವರ್ಷ ಮಾಡಿದ್ದು ಅದನ್ನೇ. ಚಿಕ್ಕ ಕಾರ್ಡನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಸದ್ದಿಲ್ಲ. ದೊಡ್ಡದನ್ನು ಅಲುಗಿಸಿದರು. ಒಳಗೆ ಏನೋ ಗಡಗಡ ಅಂದಿತು. ಮಾವನ ಮುಖ ಅರಳಿತು.

"ಇದು ಕಣ್ಲಾ ಮಾಲು! ಗಿಟುಕಾಗೈತೆ. ಅದಿನ್ನೂ ಹಸಿ, ಬುಡು ಅತ್ಲಾಗೆ."

ಗಂಗಾಧರ್ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ. ದೋಷವನ್ನೇ ಗುಣ ಎಂದು ಹೊಗಳುವ ಗಿರಾಕಿಯನ್ನು ತಿದ್ದುವವರು ಯಾರಿದ್ದಾರೆ? ಇಷ್ಟೆಲ್ಲ ವಿಡಿಯೋ ನೋಡಿದ ನಮ್ಮವರಾದರೂ ತಿದ್ದಬಹುದಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. "ಅಪ್ಪ ಹೇಳಿದ್ಮೇಲೆ ಆಯ್ತು" ಎಂದು ದೊಡ್ಡದನ್ನು ಎತ್ತಿಕೊಂಡೇಬಿಟ್ಟರು. ಮಾವನ ಸಂತೋಷ ನೋಡಿ ನಾನೂ ಬಾಯಿ ಮುಚ್ಚಿಕೊಂಡೆ. ನನ್ನ ಬಗ್ಗೆ ನನಗೇ ಸಿಟ್ಟು ಬಂದದ್ದು ಬಸ್ಸು ಹತ್ತಿದ ಮೇಲೆ.

ಅಂದು ಸಂಜೆಯೇ ಜೋಡಣೆ ಮುಗಿಯಿತು. ಹಾಲ್‌ನಲ್ಲಿ ದೀಪಾಲಂಕಾರ. ನಮ್ಮವರು ಪರೀಕ್ಷೆಗೆಂದು ಒಂದು ಗೇಮ್ ಹಾಕಿದರು, ಕಾರುಗಳು ಏನು ಚೆಂದ ಓಡಿದವು! ಮಾರನೆಯ ದಿನದಿಂದ ನಾನು ಅನಂತರಾಜು ಅವರ ಮನೆಯ ಚಿತ್ರಕ್ಕೆ ಕೂತೆ. ಗೋಡೆ ಬಂತು, ಬಾಲ್ಕನಿ ಬಂತು. ಬುಧವಾರ, ಸಾವಿರಾರು ಗರಿಗಳ ಆ ಆರು ತೆಂಗಿನ ಮರಗಳನ್ನು ನಿಲ್ಲಿಸಿದ ಕೂಡಲೇ ಮೆಮೊರಿ ಸಾಲದೆಂದು ಹೇಳಿ ಎಲ್ಲವೂ ಮುಚ್ಚಿಕೊಂಡಿತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ.

"ಮರ ತೆಗ್ದು ನೋಡು," ಎಂದರು ನಮ್ಮವರು.

"ಮರ ಉಳಿಸೋಕೇ ಅಲ್ವೇನ್ರೀ ಅವರು ಮನೇನ ಹಂಗೆ ಕಟ್ಟಿಸ್ತಿರೋದು!"

ಅವರು ಅಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದರು. "ಆರು ತೆಂಗಿನ್ಮರ ಹೊರಾಕಾಗ್ದೇನ್ಲಾ ಅದ್ಕೆ?" ಎಂದು ಮಾವ ಕೇಳಿದ್ದು ನನಗೂ ಕೇಳಿಸಿತು. ನಗು ಬಂತು. ಹಿಂದೆಯೇ ಅಳುವೂ ಬಂತು, ಎದ್ದು ಅಡುಗೆಮನೆಗೆ ಹೋದೆ.

ಗುರುವಾರ ಇವರು ಕುಣಿಗಲ್ ಬಸ್ಸು ಹತ್ತಿದ ಮೇಲೆ ನಾನು ಆ ದೊಡ್ಡ ಕಾರ್ಡನ್ನು ಕಳಚಿ, ಅದರ ಪೆಟ್ಟಿಗೆಗೆ ಹಾಕಿ, ಗುಬ್ಬಿ ಬಸ್ಸು ಹತ್ತಿದೆ. ಚಿಕ್ಕದು ಮಾರಿಹೋಗಿದ್ದರೆ ಏನು ಗತಿ ಎಂದು ದಾರಿಯುದ್ದಕ್ಕೂ ಅದೇ ಯೋಚನೆ. ಮಾರಿಹೋಗಿರಲಿಲ್ಲ. ಮಂಕು ಮುಖದವರನ್ನು ಯಾರೂ ಬೇಗ ಒಪ್ಪುವುದಿಲ್ಲವಷ್ಟೇ.

ಗಂಗಾಧರ್ ದೊಡ್ಡದನ್ನು ಬಿಚ್ಚಿದ. ಒಳಗೆ ಕಳಚಿಕೊಂಡ ಒಂದು ಸ್ಕ್ರೂ ಉರುಳಾಡುತ್ತಿತ್ತು. ಮಾವನ ಗಿಟುಕು ಅದೇ.

"ನಿಂಗೆ ಗೊತ್ತಿತ್ತಲ್ಲಪ್ಪ, ಯಾಕೆ ಹೇಳ್ಲಿಲ್ಲ?" ಎಂದು ರೇಗಿದೆ.

"ತಪ್ಪಾಯ್ತು ಅಕ್ಕ, ಬದಲಾಯಿಸಿ ಕೊಡ್ತೀನಿ," ಎಂದ. ಆಮೇಲೆ ತಲೆ ತಗ್ಗಿಸಿಯೇ, "ಆದ್ರೆ ಎಂಟು ಜಿಬಿ ಸಾಲಲ್ಲ ಅಂತ ನಿಮ್ಗೂ ಗೊತ್ತಿತ್ತಲ್ಲ. ಒಂದೇ ಸಲ ಹೇಳಿ ಸುಮ್ನಾದ್ರಿ. ನಿಮ್ಮ ಕೆಲ್ಸ ಅಂತ ನಂಗೇನ್ ಗೊತ್ತು? ಅವ್ರದ್ದು ಅಂದ್ಕೊಂಡೆ," ಎಂದ.

ಚಿಕ್ಕ ಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ತುಮಕೂರಿಗೆ ಬಂದೆ. ನಾನೇ ಸ್ಕ್ರೂ ಬಿಗಿದೆ. ಆರು ಮರಗಳೂ ನಿಂತವು, ಗರಿಗಳೂ ಅಲುಗಾಡಿದವು. ಇವರು ಸಂಜೆ ಬಂದು ನೋಡಿ, ದೀಪಗಳು ಎಲ್ಲಿ ಎಂದು ಹುಡುಕಿದರು. ವಿಷಯ ಹೇಳಿದೆ. "ಮೊದ್ಲೇ ಇದನ್ನೇ ತಗೋಬೇಕಿತ್ತು," ಎಂದು ಏನೂ ಗೊತ್ತಿಲ್ಲದವರಂತೆ ಹೇಳಿದರು. ಕೊಲ್ಲಬೇಕು ಅನ್ನಿಸಿತು. ಪಾಪ, ಕಾಫಿ ಅವರೇ ಮಾಡಿ ತಂದರು.

ಶನಿವಾರ ಮಧ್ಯಾಹ್ನ, ಮನೆಯನ್ನು ಸುತ್ತಿ ತೋರಿಸುವ ವಿಡಿಯೋ ಅನಂತರಾಜು ಅವರಿಗೆ ಹೋಯಿತು. ಒಂದು ಗಂಟೆಯ ಮೇಲೆ ನನಗೆ ಫೋನ್ ಬಂತು.

"ಬಾಳ ಚೆನ್ನಾಗ್ ಬಂದದೆ ಕಣಮ್ಮ. ಬಾಲ್ಕನಿ ಇನ್ನೆರಡಡಿ ಮುಂದಕ್ ತಂದ್ರೆ ಎಂಗೆ ಅಂತ ಕೇಳ್ಬೇಕಿತ್ತು. ಒಸಿ ಲಕ್ಷ್ಮೀಕಾಂತ್‌ಗೆ ಕೊಡಿ."

ಲಕ್ಷ್ಮೀಕಾಂತ್ ಪಕ್ಕದಲ್ಲೇ ಕೂತಿದ್ದರು. ಕೈಯನ್ನೂ ಚಾಚಿದರು. ನಾನು ಕೊಡಲಿಲ್ಲ.

"ಅವರು ಪಹಣಿ ಕೊಡೋರು ಸಾರ್. ಮನೆ ಮಾಡಿರೋದು ನಾನು. ಏನಿದ್ರೂ ನನ್ನೇ ಕೇಳಿ."

ನಮ್ಮವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಆಯ್ತು, ಹೇಳಿ ಮೇಡಂ," ಎಂದರು ಅನಂತರಾಜು. "ಎರಡಡಿ ಮುಂದಕ್ ತರ್ಲಾ, ಬೇಡ್ವಾ?"