ಬಿಟ್ಟುಹೋದ ಎರಡು ಸಾಲು

ಮೂರನೆಯ ಸೊನಾಟಾದ ನಿಧಾನಗತಿಯ ಭಾಗದಲ್ಲಿ ಪಿಟೀಲು ನುಡಿಸುತ್ತಿದ್ದ ತಮ್ಮ, ಸ್ವರಲಿಪಿಯ ಎರಡು ಸಾಲು ಬಿಟ್ಟು ಮುಂದಕ್ಕೆ ಹಾರಿದ. ಅಕ್ಕನ ಬೆರಳುಗಳು ಹಾರ್ಪ್ಸಿಕಾರ್ಡಿನ ಕಪ್ಪು-ಬಿಳಿ ಮನೆಗಳ ಮೇಲೆ ಇನ್ನೂ ಹಿಂದೆಯೇ ಇದ್ದವು. ಪಿಟೀಲು ಎಲ್ಲಿಗೆ ಹೋಗಿ ನಿಂತಿದೆ ಎಂಬುದು ಅವಳಿಗೆ ಒಂದೇ ಸ್ವರದಲ್ಲಿ ಗೊತ್ತಾಯಿತು. ಹೋದ ತಿಂಗಳಾಗಿದ್ದರೆ ಅವಳೂ ಅವನ ಹಿಂದೆಯೇ ಹಾರಿಬಿಡುತ್ತಿದ್ದಳು.

ಹೋದ ತಿಂಗಳು ಹಾರಿಯೂ ಇದ್ದಳು. ಅದು ಬೇರೆ ಊರಿನ ಸಭಾಂಗಣ. ಸೊನಾಟಾ ಇದೇ, ಜಾಗವೂ ಇದೇ. ಅವನು ಎಂದಿನಂತೆ ಎದುರಿಗೆ ಹಾಳೆ ಇಟ್ಟುಕೊಳ್ಳದೆ, ಕಣ್ಣು ಮುಚ್ಚಿ ನುಡಿಸುತ್ತಿದ್ದ. ಹಾಗೆ ನುಡಿಸುವುದನ್ನು ನೋಡಲೆಂದೇ ಬರುವವರಿದ್ದರು. ಅವನು ಹಾರಿದ ಕ್ಷಣ ಅವಳು ಎರಡೂ ಕೈ ಎತ್ತಿ, ಎರಡು ಸಾಲು ದಾಟಿ ಅವನ ಪಕ್ಕದಲ್ಲಿ ಇಳಿದಿದ್ದಳು. ಇಳಿಯುವಾಗ ಎಡಗೈ ಒಂದು ತಪ್ಪು ಮನೆಯನ್ನು ಮುಟ್ಟಿತ್ತು, ಅಷ್ಟೆ. ಮರುದಿನ ಕಾರಿನಲ್ಲಿ ಅವನೇ ಫೋನು ಹಿಡಿದು ಪತ್ರಿಕೆಯ ವಿಮರ್ಶೆಯನ್ನು ಓದಿ ಹೇಳಿದ. ಹಾರ್ಪ್ಸಿಕಾರ್ಡ್ ಒಂದು ಕಡೆ ಎಡವಿದ್ದು ಬಿಟ್ಟರೆ ಕಚೇರಿ ಸೊಗಸಾಗಿತ್ತಂತೆ.

"ಬಿಡಕ್ಕ, ಇದನ್ನೆಲ್ಲ ತಲೆಗೆ ಹಚ್ಕೋಬೇಡ. ಎಲ್ರಿಗೂ ಆಗತ್ತೆ."

"ಹಾರಿದ್ದು ನೀನು ಕಣೋ."

"ನಾನಾ?" ಅವನು ಮನಸಾರೆ ನಕ್ಕ. "ಈ ಸೊನಾಟಾನ ನಾನು ನಿದ್ದೆಗಣ್ಣಲ್ಲೂ ನುಡಿಸ್ತೀನಿ."

ಅವಳು ಅವನ ಮುಖವನ್ನೇ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಅಮ್ಮನಿಗೆ ಹೇಳಿದಾಗ ಅವಳು, "ಹೋಗ್ಲಿ ಬಿಡೆ, ಚಿಕ್ಕವನು" ಎಂದಳು.

"ಚಿಕ್ಕವನಿಗೆ ಐವತ್ತೊಂದಮ್ಮ."

"ನಿನಗಿಂತ ಚಿಕ್ಕವನೇ ತಾನೆ?"

ಇವತ್ತು ಬೆಳಗ್ಗೆ, ಈ ಗ್ರಂಥಾಲಯದ ಹಾಲಿನಲ್ಲಿ ತಂತಿಗಳನ್ನು ಶ್ರುತಿ ಮಾಡುತ್ತಾ, ಅವಳು ಇನ್ನೊಂದು ಸಲ ಹೇಳಿ ನೋಡಿದ್ದಳು. "ಹಾಳೆಗೆ ಒಂದು ಸ್ಟ್ಯಾಂಡ್ ಇಟ್ಕೊಳ್ಳೋ. ನೋಡದಿದ್ರೂ ಪರವಾಗಿಲ್ಲ, ಎದುರಿಗಿರ್ಲಿ."

"ಜನಕ್ಕೂ ನನಗೂ ಮಧ್ಯ ಆ ತಗಡಿನ ಬೇಲಿ ಯಾಕಕ್ಕ?" ಎಂದು ಅವನು ಕಾಫಿ ಹುಡುಕಿಕೊಂಡು ಹೋಗಿದ್ದ. ಎತ್ತರದ ಕಿಟಕಿಯಿಂದ ಬಿಸಿಲು ನೇರ ವಾದ್ಯದ ಮೇಲೆ ಬೀಳುತ್ತಿತ್ತು. ಒಂದು ತಂತಿ ಸರಿಮಾಡುವಷ್ಟರಲ್ಲಿ ಇನ್ನೊಂದು ಸಡಿಲವಾಗುತ್ತಿತ್ತು. ಪಿಯಾನೋದ ಹಾಗೆ ಅಲ್ಲ ಇದು. ಬೆರಳಿನ ಭಾರಕ್ಕೆ ಸೊಪ್ಪು ಹಾಕುವುದಿಲ್ಲ. ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ದನಿ, ಅದೂ ಹುಟ್ಟಿದ ಕೂಡಲೇ ಸಾಯುವಂಥದ್ದು. ಆದರೂ ಮುನ್ನೂರು ವರ್ಷದ ಹಿಂದೆ ಈ ಸೊನಾಟಾಗಳನ್ನು ಬರೆದವನು ಅದನ್ನು ಪಿಟೀಲಿನ ಬೆನ್ನಿಗೆ ಕಟ್ಟಿರಲಿಲ್ಲ. ಎಡಗೈಗೆ ತಳದ ದನಿ ಕೊಟ್ಟು, ಬಲಗೈಯನ್ನು ಪಿಟೀಲಿನ ಸಮಕ್ಕೆ ಕೂರಿಸಿ ಮಾತಾಡಿಸಿದ್ದ. ಬಾಗಿಲಲ್ಲಿ ಅಂಟಿಸಿದ್ದ ಪೋಸ್ಟರಿನಲ್ಲಿ ಮಾತ್ರ ತಮ್ಮನ ಮುಖವೊಂದೇ ಇತ್ತು.

ಈಗ ಅವಳು ಹಾರಲಿಲ್ಲ. ಬರೆದಿದ್ದನ್ನು ಬರೆದ ಹಾಗೆಯೇ ನುಡಿಸುತ್ತಾ ಹೋದಳು. ಎರಡು ದನಿಗಳು ಬೇರೆ ಬೇರೆ ಕೋಣೆಯಲ್ಲಿ ಬೇರೆ ಬೇರೆ ಮಾತಾಡಿದಂತೆ ಕೇಳತೊಡಗಿದವು. ಸಭೆಯ ಮುಂದಿನ ಸಾಲಿನ ಮುದುಕರೊಬ್ಬರು ತಲೆ ಎತ್ತಿದರು. ತಮ್ಮನು ಕಣ್ಣು ತೆರೆದು, ಹುಬ್ಬು ಹಾರಿಸಿ ಅವಳತ್ತ ನೋಡಿದ. ಬಾ, ಎನ್ನುವ ಸನ್ನೆ ಅದು. ಚಿಕ್ಕಂದಿನಲ್ಲಿ ಮನೆಯಲ್ಲಿ ಗಾಜು ಒಡೆದಾಗಲೂ ಮಾಸ್ತರರು ಬೈಯುವಾಗಲೂ ಅವನು ಮಾಡುತ್ತಿದ್ದದ್ದು ಅದನ್ನೇ. ಅವಳು ಹಾಳೆಯಿಂದ ಕಣ್ಣು ತೆಗೆಯಲಿಲ್ಲ. ಇನ್ನೊಂದು ಉಸಿರಿನಷ್ಟು ಹೊತ್ತು ಎಳೆದು, ಅವನ ಕಮಾನು ನಿಂತಿತು. ಅವಳೂ ಕೈ ಎತ್ತಿದಳು.

ಎದುರಿಗೆ ನೂರೈವತ್ತು ಜನ. ತಪ್ಪಿದ್ದು ತಾನೆಂದು ಅವನೇ ಹೇಳಲಿ ಎಂದು ಅವಳು ಕಾದಳು.

ತಮ್ಮನು ಕಮಾನು ಇಳಿಸಿ ಸಭೆಯತ್ತ ತಿರುಗಿದ. ಅವನ ನಗು ಎಂದಿನಷ್ಟೇ ಚೆನ್ನಾಗಿತ್ತು. "ಕ್ಷಮಿಸಿ. ಅಕ್ಕ ಬೆಳಗ್ಗೆಯಿಂದ ಈ ಬಿಸಿಲಲ್ಲಿ ಶ್ರುತಿ ಮಾಡ್ತಾನೇ ಕೂತಿದ್ರು. ಒಂದು ಲೋಟ ನೀರೂ ಕುಡಿದಿಲ್ಲ. ಈ ಭಾಗಾನ ಮತ್ತೆ ಮೊದಲಿಂದ ನುಡಿಸೋಣ, ಅಲ್ವಾ ಅಕ್ಕ?"

ಜನ ಚಪ್ಪಾಳೆ ತಟ್ಟಿದರು. ಅವಳಿಗಾಗಿಯೇ ತಟ್ಟಿದರು, ಬಿದ್ದವರನ್ನು ಎತ್ತುವಷ್ಟು ಅಕ್ಕರೆಯಿಂದ. ಯಾರೋ ಓಡಿಬಂದು ನೀರಿನ ಲೋಟ ಚಾಚಿದರು. ಅವಳು ತನ್ನ ಪಕ್ಕದಲ್ಲಿ ಕೂತು ಹಾಳೆ ತಿರುವುತ್ತಿದ್ದ ಮೇಡಂ ಕಡೆ ನೋಡಿದಳು. ಮೂವತ್ತು ವರ್ಷ ಸಂಗೀತ ಕಲಿಸಿ ನಿವೃತ್ತಿಯಾದವರು. ಅವರ ಬೆರಳು ಆ ಎರಡು ಸಾಲಿನ ಮೇಲೆಯೇ ಇತ್ತು. ಮೇಡಂ ಬೆರಳು ತೆಗೆದು, ತಲೆ ತಗ್ಗಿಸಿ, ಹಾಳೆಗಳನ್ನು ಹಿಂದಕ್ಕೆ ತಿರುವಿದರು.

ಎಲ್ಲರೂ ನೋಡುತ್ತಿದ್ದರು. ಅವಳು ನೀರು ಕುಡಿದಳು.

ಎರಡನೆಯ ಸಲ ಒಂದು ಸ್ವರವೂ ಜಾರಲಿಲ್ಲ. ಜೊತೆಯಾಗಿ ನುಡಿಸಿದ ಇಪ್ಪತ್ತೇಳು ವರ್ಷದಲ್ಲಿ ಅವರಿಬ್ಬರೂ ಅಷ್ಟು ಚೆನ್ನಾಗಿ ನುಡಿಸಿದ್ದೇ ಇಲ್ಲವೇನೋ. ಅಷ್ಟು ಸಿಟ್ಟಿದ್ದರೂ ಅವಳ ಬಲಗೈ ಅವನ ಪ್ರತಿ ಮಾತಿಗೂ ಅಷ್ಟೇ ಮೆದುವಾದ ಮಾತು ಕೊಟ್ಟಿತು. ತನ್ನ ಕೈಯ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಬಿಟ್ಟುಹೋಗಿದ್ದ ಜಾಗವನ್ನು ಅವನು ಕಣ್ಣು ಮುಚ್ಚಿಕೊಂಡೇ ದಾಟಿದ. ಸಭೆಯ ಎರಡನೆಯ ಸಾಲಿನಲ್ಲಿ ಒಬ್ಬ ಹೆಂಗಸು ಕರವಸ್ತ್ರ ತೆಗೆದಳು.

ಕಚೇರಿ ಮುಗಿದ ಮೇಲೆ ಕೈ ತೊಳೆಯುವಲ್ಲಿ ಮೇಡಂ ಸಿಕ್ಕರು. ನಲ್ಲಿ ಬಿಟ್ಟುಕೊಂಡೇ ಹೇಳಿದರು, "ನಾನು ನೋಡಿದೆ."

"ಹೊರಗೆ ಬಂದು ಹೇಳ್ತೀರಾ?"

"ಯಾರಿಗಮ್ಮಾ ಹೇಳ್ಲಿ? ನನ್ನ ಮಗಳು ನಿಮ್ಮ ತಮ್ಮನವರ ಸಂಗೀತ ಶಾಲೇಲೇ ಪಾಠ ಮಾಡ್ತಿರೋದು." ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಅವಳ ತೋಳು ಮುಟ್ಟಿ ಹೋದರು.

ತಮ್ಮನು ಮೊಗಸಾಲೆಯಲ್ಲಿ ಜನರ ನಡುವೆ ನಿಂತು ಕಾರ್ಯಕ್ರಮಪಟ್ಟಿಗಳಿಗೆ ಸಹಿ ಹಾಕುತ್ತಿದ್ದ. ಅವಳು ಅವನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದಳು.

"ಇನ್ನು ನಾನು ಬರಲ್ಲ."

"ಹೋಗು, ಮನೇಲಿ ಮಲಗಿ ಸುಧಾರಿಸ್ಕೋ."

"ಇವತ್ತಿನ ಮಾತಲ್ಲ ಕಣೋ. ಇನ್ನು ಯಾವತ್ತೂ."

ಅವನು ಪೆನ್ನಿನ ಮುಚ್ಚಳ ಹಾಕಿದ. ಅವನ ಭುಜಗಳು ಸಡಿಲಾದದ್ದು ಅವಳಿಗೆ ಕಾಣಿಸಿತು. "ನಿನಗೆ ಹೇಗಪ್ಪಾ ಹೇಳೋದು ಅಂತ ನಾನೇ ಒದ್ದಾಡ್ತಿದ್ದೆ ಅಕ್ಕ," ಎಂದ, ನಿಜವಾದ ಪ್ರೀತಿಯಿಂದ. "ಒಳ್ಳೇದೇ ಆಯ್ತು ಬಿಡು. ಒಬ್ಬ ಹೊಸಬ ಸಿಕ್ಕಿದ್ದಾನೆ. ನಿನ್ನಷ್ಟು ಅಲ್ಲ, ಆದ್ರೂ ಚುರುಕಾಗಿದ್ದಾನೆ."

ಅಷ್ಟರಲ್ಲಿ ಯಾರೋ ಅವನನ್ನು ಕರೆದರು.

ಪಕ್ಕದ ಬಾಗಿಲಲ್ಲಿ ಸಾಗಿಸುವವರಿಬ್ಬರು ಹಾರ್ಪ್ಸಿಕಾರ್ಡಿನ ಕಾಲು ಬಿಚ್ಚಿ, ಮೈಗೆ ಕಂಬಳಿ ಸುತ್ತುತ್ತಿದ್ದರು. "ಮೇಡಂ, ಇದು ಸರ್ ಶಾಲೆಗಾ?" ಎಂದು ಒಬ್ಬ ಅವಳನ್ನು ಕೇಳಿದ.

"ಅಲ್ಲ. ಮನೆಗೆ. ಇದು ನಂದು."

ಅವಳು ವ್ಯಾನಿನ ಮುಂದಿನ ಸೀಟಿನಲ್ಲಿ ಹತ್ತಿ ಕೂತಳು. ಗಾಡಿ ಕಾಲುದಾರಿಯ ಅಂಚಿನಿಂದ ಧಡಕ್ಕನೆ ರಸ್ತೆಗಿಳಿದಾಗ, ಹಿಂದೆ ಕಂಬಳಿಯೊಳಗೆ ಎಲ್ಲ ತಂತಿಗಳೂ ಒಟ್ಟಿಗೆ ನಡುಗಿದವು. ಡ್ರೈವರು ಬ್ರೇಕು ಒತ್ತಿ, "ಏನಾದ್ರೂ ಬಿತ್ತಾ?" ಎಂದ. ಇಬ್ಬರೂ ಕಿವಿಗೊಟ್ಟು ಕೂತರು. ಆ ದನಿ ಸಣ್ಣಗಾಗುತ್ತಾ ಇನ್ನೂ ಸ್ವಲ್ಪ ಹೊತ್ತು ಇತ್ತು.